ಖರ್ಚಿನ ಕಟ್ಟಳೆಯೂ ಊರ ಹುಡುಗರೂ: ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್ಬುಗಳ ಲೆಕ್ಕಪತ್ರ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಖರ್ಚಿಗೆ ಕಡಿವಾಣ ಹಾಕುವ ಯತ್ನವು ದೂರದರ್ಶನದ ಕೋಟಿಗಳು ಹರಿದುಬಂದ ಮೇಲೆ ಹುಟ್ಟಿದ್ದೆಂಬ ಭಾವನೆ ಸಾಮಾನ್ಯವಾಗಿದ್ದರೂ, ಅದು ವೃತ್ತಿಪರ ಆಟದಷ್ಟೇ ಹಳೆಯದು. ಆಟಗಾರರಿಗೆ ಸಂಬಳ ಕೊಡುವುದನ್ನು ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ 1885ರಲ್ಲಿ ಸಕ್ರಮಗೊಳಿಸಿತು. ಮೂರು ವರ್ಷಗಳ ಬಳಿಕ ಲ್ಯಾಂಕಷೈರ್ ಸೀಮೆಯ ಆರು ಮತ್ತು ಮಿಡ್‌ಲ್ಯಾಂಡ್ಸ್ ಸೀಮೆಯ ಆರು ಕ್ಲಬ್ಬುಗಳು ಕೂಡಿ, ಗೊತ್ತಾದ ದಿನಗಳಂದು ಪರಸ್ಪರ ಆಡಿ ಬಾಗಿಲ ಹಣದಿಂದ ಸಂಬಳದ ಹೊರೆಯನ್ನು ತೂಗಿಸಿಕೊಳ್ಳಲು ಫುಟ್‌ಬಾಲ್ ಲೀಗನ್ನು ಕಟ್ಟಿಕೊಂಡವು. ಬರ್ನ್ಲಿ, ಅಕ್ರಿಂಗ್ಟನ್‌ಗಳಂಥ ಹತ್ತಿ ಗಿರಣಿಯ ಪಟ್ಟಣಗಳ ಕ್ಲಬ್ಬುಗಳೂ ಎವರ್ಟನ್, ಆ್ಯಸ್ಟನ್ ವಿಲ್ಲಾಗಳಂಥ ಮಹಾನಗರಗಳ ಕ್ಲಬ್ಬುಗಳೂ ಆ ಹನ್ನೆರಡರೊಳಗೇ ಇದ್ದುದರಿಂದ, ಹೆಚ್ಚು ಜನ ಸೇರುವ ಊರು ಹೆಚ್ಚು ಸಂಬಳ ಕೊಟ್ಟು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಲೀಗೇ ಉಳಿಯದೆಂಬ ಭಯ ಮೊದಲ ದಿನದಿಂದಲೂ ಅದರ ಬೆನ್ನಿಗಿತ್ತು. ಅಕ್ರಿಂಗ್ಟನ್ 1893ರಲ್ಲಿ ಲೀಗನ್ನು ತೊರೆದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದದ್ದು ಆ ಭಯಕ್ಕೆ ಪುರಾವೆಯಾಗಿ ಒದಗಿತು. ಇಂದು ಆ ಊರಿನ ಹೆಸರು ಹೊತ್ತ ಕ್ಲಬ್ಬು ಬೇರೆಯದು.

ಈ ಭಯಕ್ಕೆ ಲೀಗು ಮತ್ತು ಅಸೋಸಿಯೇಷನ್ ಕಂಡುಕೊಂಡ ಪರಿಹಾರಗಳು ಎರಡು. 1893ರಲ್ಲಿ ಜಾರಿಗೆ ಬಂದ 'ಉಳಿಸಿಕೊಳ್ಳುವ ಮತ್ತು ವರ್ಗಾಯಿಸುವ' ಪದ್ಧತಿಯ ಪ್ರಕಾರ, ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ನೋಂದಣಿ ಹಳೆಯ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಆ ನೋಂದಣಿಯನ್ನು ಬಿಟ್ಟುಕೊಡಲು ಹೊಸ ಕ್ಲಬ್ಬು ತೆರುವ ಹಣವೇ ವರ್ಗಾವಣೆ ಶುಲ್ಕ ಎನಿಸಿಕೊಂಡಿತು. ಎರಡನೆಯದು 1901ರಿಂದ ಜಾರಿಯಾದ ಗರಿಷ್ಠ ಸಂಬಳದ ನಿಯಮ. ವಾರಕ್ಕೆ 4 ಪೌಂಡಿಗಿಂತ ಹೆಚ್ಚನ್ನು ಯಾವ ಕ್ಲಬ್ಬೂ ಯಾವ ಆಟಗಾರನಿಗೂ ಕೊಡಕೂಡದು ಎಂಬ ಈ ಕಟ್ಟಳೆ ಲಂಡನ್ನಿಗೂ ಬರ್ನ್ಲಿಗೂ ಒಂದೇ ಆಗಿತ್ತು. ಸಂಬಳಕ್ಕೆ ಮಿತಿ ಬಿದ್ದಾಗ ಸ್ಪರ್ಧೆ ಶುಲ್ಕದ ಕಡೆಗೆ ಹೊರಳಿತು. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನನ್ನು ಮಿಡಲ್ಸ್‌ಬರೋ ಕ್ಲಬ್ಬು ಸಂಡರ್‌ಲ್ಯಾಂಡಿನಿಂದ 1,000 ಪೌಂಡಿಗೆ ಕೊಂಡಾಗ ಪತ್ರಿಕೆಗಳಲ್ಲಿ ಎದ್ದ ಕೋಲಾಹಲಕ್ಕೆ ಉತ್ತರವಾಗಿ, ಅಸೋಸಿಯೇಷನ್ 1908ರಲ್ಲಿ ಶುಲ್ಕಕ್ಕೂ 350 ಪೌಂಡಿನ ಮಿತಿ ಹಾಕಿತು. ಕ್ಲಬ್ಬುಗಳು ಬೇಡವಾದ ಇನ್ನೊಬ್ಬ ಆಟಗಾರನನ್ನು ಲೆಕ್ಕಕ್ಕೆ ಸೇರಿಸಿ, ಇಬ್ಬರಿಗೂ ಕೂಡಿಸಿ ಹಣ ತೆತ್ತು ಮಿತಿಯನ್ನು ದಾಟಿಬಿಟ್ಟದ್ದರಿಂದ ಆ ನಿಯಮ ಕೆಲವೇ ತಿಂಗಳಲ್ಲಿ ರದ್ದಾಯಿತು. ಕಟ್ಟಳೆ ಬಿದ್ದ ಕೂಡಲೇ ಲೆಕ್ಕದ ಪುಸ್ತಕದಲ್ಲಿ ದಾರಿ ಹುಡುಕುವ ಚಾಣಾಕ್ಷತನ, ಮುಂದೆ ಕಾಣುವಂತೆ, ಈ ಆಟವನ್ನು ಎಂದೂ ಬಿಟ್ಟು ಹೋಗಲಿಲ್ಲ.

ಇವುಗಳ ಜೊತೆಗೆ ಹೆಚ್ಚು ಪ್ರಚಾರವಿಲ್ಲದ, ಆದರೆ ಪರಿಣಾಮದಲ್ಲಿ ಹಿರಿದಾದ ಇನ್ನೆರಡು ಏರ್ಪಾಟುಗಳಿದ್ದವು. ಪ್ರವಾಸಿ ತಂಡಕ್ಕೆ ಪಂದ್ಯದ ಬಾಗಿಲ ಹಣದಲ್ಲಿ ಐದನೆಯ ಒಂದು ಪಾಲು ಸಲ್ಲುತ್ತಿದ್ದುದರಿಂದ, ಸಣ್ಣ ಊರಿನ ಕ್ಲಬ್ಬು ದೊಡ್ಡ ನಗರಕ್ಕೆ ಆಡಲು ಹೋದಾಗ ಆ ನಗರದ ಜನಸಂದಣಿಯ ಫಲ ಅದಕ್ಕೂ ಅಷ್ಟಿಷ್ಟು ದಕ್ಕುತ್ತಿತ್ತು. ಕ್ಲಬ್ಬುಗಳು ಕಂಪನಿಗಳಾಗಿ ನೋಂದಣಿಯಾಗಿದ್ದರೂ ಷೇರುದಾರರು ಪಡೆಯಬಹುದಾದ ಲಾಭಾಂಶವನ್ನು ಮೊದಲು ಶೇ 5ಕ್ಕೆ, ಅನಂತರ ಶೇ 7.5ಕ್ಕೆ ಮಿತಗೊಳಿಸಿ, ನಿರ್ದೇಶಕರಿಗೆ ಸಂಬಳ ನಿಷೇಧಿಸಿ, ಹಣ ಮಾಡುವ ಉದ್ದೇಶವುಳ್ಳವರು ಆಟದ ಸಮೀಪ ಸುಳಿಯದಂತೆ ಅಸೋಸಿಯೇಷನ್ ನೋಡಿಕೊಂಡಿತ್ತು. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಪರ್ಸ್ ಇರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯವಸ್ಥೆಯ ತರ್ಕ ಅಪರಿಚಿತವೆನಿಸದು: ಮಿತಿ ಎಂಬುದು ಎಲ್ಲರಿಗೂ ಒಂದೇ ಅಂಕಿ, ಅದಕ್ಕೂ ಆಯಾ ತಂಡದ ಗಳಿಕೆಗೂ ಸಂಬಂಧವಿಲ್ಲ.

ಈ ಸಮಾನತೆಯ ಬೆಲೆಯನ್ನು ತೆತ್ತವರು ಆಟಗಾರರು ಎಂಬುದನ್ನು ಮರೆಯುವಂತಿಲ್ಲ. ಗರಿಷ್ಠ ಸಂಬಳ 1947ರಲ್ಲಿ 12 ಪೌಂಡಿಗೆ, 1958ರಲ್ಲಿ 20 ಪೌಂಡಿಗೆ ಏರಿತಾದರೂ, ಸಾವಿರಾರು ಜನರನ್ನು ಪ್ರತಿ ಶನಿವಾರ ಮೈದಾನಕ್ಕೆ ಸೆಳೆಯುತ್ತಿದ್ದವನು ಆ ಗಳಿಕೆಯಲ್ಲಿ ಪಾಲು ಕೇಳುವ ಹಾಗಿರಲಿಲ್ಲ, ಕ್ಲಬ್ಬು ಬಿಡುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಆದರೂ ಆ ಕಾಲದ ವ್ಯವಸ್ಥೆ ಸಣ್ಣ ಊರಿಗೆ ಏನನ್ನು ಸಾಧ್ಯವಾಗಿಸಿತ್ತು ಎಂಬುದಕ್ಕೆ ಬರ್ನ್ಲಿಗಿಂತ ಒಳ್ಳೆಯ ನಿದರ್ಶನ ಸಿಗದು. ಸುಮಾರು 80,000 ಜನರ ಆ ಪಟ್ಟಣದ ಕ್ಲಬ್ಬು 1960ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಆ ತಂಡದಲ್ಲಿ ವರ್ಗಾವಣೆ ಶುಲ್ಕ ಕೊಟ್ಟು ತಂದವರು ಜಿಮ್ಮಿ ಮೆಕಿಲ್‌ರಾಯ್ ಮತ್ತು ಅಲೆಕ್ಸ್ ಎಲ್ಡರ್ ಎಂಬ ಇಬ್ಬರು ಮಾತ್ರ. ಉಳಿದವರೆಲ್ಲ ಕ್ಲಬ್ಬಿನ ಯುವ ತಂಡಗಳಲ್ಲಿ ಬೆಳೆದವರು. ಅಧ್ಯಕ್ಷ ಬಾಬ್ ಲಾರ್ಡ್ ಎಂಬ ಮಾಂಸದ ವ್ಯಾಪಾರಿ ಗಾತಾರ್ಪ್ ಎಂಬಲ್ಲಿ 1955ರ ವೇಳೆಗೆ ತರಬೇತಿ ಮೈದಾನವೊಂದನ್ನು ಸಿದ್ಧಪಡಿಸಿಕೊಂಡಿದ್ದರು. ಆಟ ಬಲ್ಲ ಹುಡುಗರನ್ನು ಗುರುತಿಸಿ ಕರೆತರುವ ಕ್ಲಬ್ಬಿನ ಜನ ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲ ಊರುಗಳಲ್ಲಿ ಸುತ್ತುತ್ತಿದ್ದರು. ನ್ಯೂಕ್ಯಾಸಲ್‌ನಂಥ ದೊಡ್ಡ ಕ್ಲಬ್ಬು ಮನೆಯ ಪಕ್ಕದಲ್ಲಿದ್ದರೂ ಹುಡುಗನೊಬ್ಬ ಬರ್ನ್ಲಿಗೆ ಹೋಗಲು ಒಪ್ಪುತ್ತಿದ್ದರೆ ಅದಕ್ಕೆ ಕಾರಣ ಸರಳವಾಗಿತ್ತು. ಸಂಬಳ ಎರಡೂ ಕಡೆ ಒಂದೇ ಆಗಿರುವಾಗ, ಬೇಗ ಆಡಲು ಅವಕಾಶ ಕೊಡುವ ಮತ್ತು ಚೆನ್ನಾಗಿ ಕಲಿಸುವ ಕ್ಲಬ್ಬೇ ಮೇಲು.

ಈ ಲೋಕ ಕುಸಿದದ್ದು ಹಂತಹಂತವಾಗಿ. ಆಟಗಾರರ ಸಂಘದ ಅಧ್ಯಕ್ಷ ಜಿಮ್ಮಿ ಹಿಲ್ ಮುಷ್ಕರದ ಬೆದರಿಕೆ ಹಾಕಿದ್ದರಿಂದ 1961ರಲ್ಲಿ ಗರಿಷ್ಠ ಸಂಬಳ ರದ್ದಾಯಿತು, ಫುಲ್ಹಾಮಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರನಾದನು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಆಟಗಾರನನ್ನು ಹಿಡಿದಿಡುವ ಪದ್ಧತಿಯು ವೃತ್ತಿ ಸ್ವಾತಂತ್ರ್ಯಕ್ಕೆ ಅಸಮಂಜಸ ಅಡ್ಡಿ ಎಂದು ತೀರ್ಪಿತ್ತರು. ಬಾಗಿಲ ಹಣದ ಹಂಚಿಕೆ 1983ರಲ್ಲಿ ನಿಂತುಹೋಯಿತು. ಅದೇ ವರ್ಷ ಟಾಟನ್‌ಹ್ಯಾಮ್ ಕ್ಲಬ್ಬು ತನ್ನ ಮೇಲೊಂದು ಕಂಪನಿಯನ್ನು ಕೂರಿಸಿ, ಲಾಭಾಂಶದ ಮಿತಿಯನ್ನು ಬಳಸಿಹೋಗಿ ಷೇರುಪೇಟೆ ಹೊಕ್ಕಿತು. ದೂರದರ್ಶನದ ಹಣವನ್ನು ಲೀಗಿನ ನಾಲ್ಕು ದರ್ಜೆಗಳ 92 ಕ್ಲಬ್ಬುಗಳೂ ಸಮವಾಗಿ ಹಂಚಿಕೊಳ್ಳುತ್ತಿದ್ದ ರೂಢಿಯನ್ನು 1985ರ ಕೊನೆಯಲ್ಲಿ ಮುರಿದು, ಅರ್ಧ ಭಾಗವನ್ನು ಮೊದಲ ದರ್ಜೆಗೇ ಕೊಡಲು ಒಪ್ಪಲಾಯಿತು. ಅಷ್ಟರಿಂದಲೂ ತೃಪ್ತರಾಗದ ದೊಡ್ಡ ಕ್ಲಬ್ಬುಗಳು 1992ರಲ್ಲಿ ಪ್ರೀಮಿಯರ್ ಲೀಗ್ ಎಂಬ ಪ್ರತ್ಯೇಕ ಮನೆ ಹೂಡಿ, ಐದು ವರ್ಷಗಳಿಗೆ 30.4 ಕೋಟಿ ಪೌಂಡಿನ ಪ್ರಸಾರ ಒಪ್ಪಂದವನ್ನು ತಮ್ಮದಾಗಿಸಿಕೊಂಡವು. 1995ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವು ಒಪ್ಪಂದ ಮುಗಿದ ಆಟಗಾರ ಯುರೋಪಿನ ಒಕ್ಕೂಟದ ಇನ್ನೊಂದು ದೇಶಕ್ಕೆ ಶುಲ್ಕವಿಲ್ಲದೆ ಹೋಗಬಹುದೆಂದಾಗ, ಹಳೆಯ ಕಟ್ಟಡದ ಕೊನೆಯ ಕಂಬವೂ ಉರುಳಿತು. ಬರ್ನ್ಲಿ ಅಷ್ಟು ಹೊತ್ತಿಗಾಗಲೇ ನಾಲ್ಕನೆಯ ದರ್ಜೆಗೆ ಜಾರಿ, 1987ರಲ್ಲಿ ಲೀಗಿನಿಂದಲೇ ಹೊರಬೀಳುವ ಅಂಚಿಗೆ ಹೋಗಿ ಕೂದಲೆಳೆಯಲ್ಲಿ ಉಳಿದುಕೊಂಡಿತ್ತು.

ಮಿತಿಗಳೆಲ್ಲ ಹೋದ ಮೇಲಿನ ದಶಕ ಸಣ್ಣ ಕ್ಲಬ್ಬುಗಳಿಗೆ ಸುಖದ ಕಾಲವಾಗಲಿಲ್ಲ. ಪ್ರೀಮಿಯರ್ ಲೀಗಿನ ಕೆಳಗಿನ ಮೂರು ದರ್ಜೆಗಳೊಡನೆ 31.5 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡಿದ್ದ ಐಟಿವಿ ಡಿಜಿಟಲ್ ಎಂಬ ಪ್ರಸಾರ ಸಂಸ್ಥೆ 2002ರಲ್ಲಿ ದಿವಾಳಿಯಾದಾಗ, ಬರಬೇಕಾದ ಹಣವನ್ನು ನಂಬಿ ಸಂಬಳ ಏರಿಸಿದ್ದ ಹಲವು ಕ್ಲಬ್ಬುಗಳು ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯ ನೇಮಿಸುವ ಆಡಳಿತಗಾರರ ವಶಕ್ಕೆ ಹೋದವು. 2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್ ಎರಡೇ ವರ್ಷದಲ್ಲಿ ಅದೇ ಗತಿಗಿಳಿದು, 2013ರ ಹೊತ್ತಿಗೆ ನಾಲ್ಕನೆಯ ದರ್ಜೆ ಸೇರಿತು. ಅದನ್ನು ಕೊಂಡು ಉಳಿಸಿದವರು ಅದರ ಅಭಿಮಾನಿಗಳು. ಖರ್ಚಿನ ನಿಯಮಗಳನ್ನು ಸಾರಾಸಗಟಾಗಿ ಹಳಿಯುವವರು ಈ ದಶಕವನ್ನು ಒಮ್ಮೆ ಓದಿಕೊಳ್ಳುವುದು ಒಳಿತು.

ಹೀಗೆ ಹುಟ್ಟಿದ ಹೊಸ ಕಟ್ಟಳೆಗಳು ಹಳೆಯವುಗಳಿಂದ ಒಂದು ಮೂಲಭೂತ ವಿಷಯದಲ್ಲಿ ಬೇರೆಯಾಗಿದ್ದವು: ಎಲ್ಲರಿಗೂ ಒಂದೇ ಅಂಕಿಯೆಂಬ ತತ್ತ್ವ ಹೋಗಿ, ಪ್ರತಿಯೊಬ್ಬರೂ ತಮ್ಮ ತಮ್ಮ ಗಳಿಕೆಗೆ ತಕ್ಕಂತೆ ಖರ್ಚು ಮಾಡಬೇಕೆಂಬ ತತ್ತ್ವ ಬಂದಿತು. ನಾಲ್ಕನೆಯ ದರ್ಜೆಯ ಕ್ಲಬ್ಬುಗಳು 2004ರಲ್ಲಿ ಆಟಗಾರರ ಸಂಬಳವನ್ನು ವಹಿವಾಟಿನ ಶೇ 60ಕ್ಕೆ ಮಿತಗೊಳಿಸಲು ಒಪ್ಪಿದವು, ಮೂರನೆಯ ದರ್ಜೆ ಕೆಲವು ವರ್ಷಗಳ ನಂತರ ಹಿಂಬಾಲಿಸಿತು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2010ರ ಆಸುಪಾಸಿನಲ್ಲಿ 'ಆರ್ಥಿಕ ನ್ಯಾಯಸಮ್ಮತ ಆಟ'ದ ನಿಯಮ ರೂಪಿಸಿ, ಆದಾಯ ಮತ್ತು ವೆಚ್ಚ ಬಹುಮಟ್ಟಿಗೆ ಸರಿದೂಗಬೇಕೆಂದಿತು. ಪ್ರೀಮಿಯರ್ ಲೀಗ್ 2013ರಲ್ಲಿ ಮೂರು ವರ್ಷಗಳ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದೆಂದು ವಿಧಿಸಿತು; ಎರಡನೆಯ ದರ್ಜೆಯಾದ ಚಾಂಪಿಯನ್‌ಷಿಪ್‌ಗೆ ಅದೇ ಅವಧಿಗೆ 3.9 ಕೋಟಿ ಪೌಂಡಿನ ಮಿತಿ ಗೊತ್ತಾಯಿತು. ಇದರ ತರ್ಕ ಕ್ಲಬ್ಬುಗಳ ಉಳಿವಿನ ದೃಷ್ಟಿಯಿಂದ ನಿರ್ವಿವಾದ. ಆದರೆ ಗಳಿಕೆಯನ್ನೇ ಅಳತೆಗೋಲಾಗಿಸಿದರೆ, ಎಪ್ಪತ್ತು ಸಾವಿರ ಆಸನಗಳ ಮೈದಾನವುಳ್ಳ ಕ್ಲಬ್ಬಿನ ಮಿತಿ ಆ ಮೈದಾನದಷ್ಟೇ ವಿಶಾಲವಾಗುತ್ತದೆ, ಸಣ್ಣದರ ಮಿತಿ ಅದರ ಗ್ಯಾಲರಿಯಷ್ಟೇ ಕಿರಿದಾಗುತ್ತದೆ. ಇದ್ದ ಅಂತರವನ್ನು ಈ ನಿಯಮ ಹುಟ್ಟಿಸಲಿಲ್ಲ, ಅದಕ್ಕೆ ಬೀಗ ಜಡಿಯಿತು.

ಈ ನಿಯಮಗಳಲ್ಲೆಲ್ಲ ಯುವ ಆಟಗಾರರ ತರಬೇತಿಗೆ ವಿನಾಯಿತಿಯಿತ್ತು; ಅಕಾಡೆಮಿ ಎಂದು ಕರೆಯಲಾಗುವ ಕ್ಲಬ್ಬಿನ ತರಬೇತಿ ಶಾಲೆಗೆ ಎಷ್ಟು ಹಣ ಸುರಿದರೂ ಅದು ನಷ್ಟದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಎಷ್ಟಾದರೂ ಸುರಿಯಬಹುದೆಂಬ ಅನುಮತಿಯಿಂದ ಅನುಕೂಲವಾಗುವುದು ಸುರಿಯಲು ಹಣವಿದ್ದವರಿಗೆ. ಆ ಹಣಕ್ಕೆ ಹುಡುಗರು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಇನ್ನೊಂದು ಕಡತದಲ್ಲಿ ಸಿದ್ಧವಾಗುತ್ತಿತ್ತು.

ಆ ಕಡತದ ಹೆಸರು 'ಶ್ರೇಷ್ಠ ಆಟಗಾರರ ಸಾಧನಾ ಯೋಜನೆ', ಅಥವಾ ಅಲ್ಲಿನವರು ಹೇಳುವಂತೆ ಇಪಿಪಿಪಿ. 2011ರ ಅಕ್ಟೋಬರಿನಲ್ಲಿ ಕೆಳಗಿನ ಮೂರು ದರ್ಜೆಗಳ 72 ಕ್ಲಬ್ಬುಗಳ ಮುಂದೆ ಇದು ಮತಕ್ಕೆ ಬಂದಾಗ 46 ಪರವಾಗಿಯೂ 22 ವಿರುದ್ಧವಾಗಿಯೂ ಮತ ಹಾಕಿದವು. ಒಪ್ಪದಿದ್ದರೆ ಯುವ ತರಬೇತಿಗೆಂದು ಪ್ರೀಮಿಯರ್ ಲೀಗ್ ಕೊಡುತ್ತಿದ್ದ ಅನುದಾನ ನಿಂತುಹೋದೀತೆಂಬ ಹೆದರಿಕೆ ಆ ಮತದಾನದ ಹಿಂದಿತ್ತು. ಅದಕ್ಕೆ ಮುಂಚೆ, ದೊಡ್ಡ ಕ್ಲಬ್ಬು ಸಣ್ಣದರಿಂದ ಹುಡುಗನನ್ನು ಸೆಳೆದಾಗ ಬೆಲೆಯಲ್ಲಿ ಒಪ್ಪಂದವಾಗದಿದ್ದರೆ ಒಂದು ನ್ಯಾಯಮಂಡಳಿ ಆತನ ಭವಿಷ್ಯದ ಸಾಧ್ಯತೆಯನ್ನೂ ಎಣಿಸಿ ಪರಿಹಾರ ನಿಗದಿಪಡಿಸುತ್ತಿತ್ತು. 2008ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ 16 ವರ್ಷದ ಜಾನ್ ಬೋಸ್ಟಾಕ್ ಟಾಟನ್‌ಹ್ಯಾಮ್ ಸೇರಿದಾಗ ಮಂಡಳಿ 7 ಲಕ್ಷ ಪೌಂಡ್ ಕೊಡಿಸಿತು, ಪ್ಯಾಲೇಸಿನ ಒಡೆಯ ಸೈಮನ್ ಜೋರ್ಡಾನ್ ಅದೂ ತೀರ ಕಡಿಮೆಯೆಂದು ಬಹಿರಂಗವಾಗಿ ಕೆರಳಿದ್ದರು. ಇಪಿಪಿಪಿ ಬಂದ ಮೇಲೆ ಬೆಲೆ ಚೌಕಾಸಿಯಿಂದ ದರಪಟ್ಟಿಗೆ ಇಳಿಯಿತು. ಅಕಾಡೆಮಿಗಳನ್ನು ಸೌಕರ್ಯಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿ, 9ರಿಂದ 11 ವಯೋಮಿತಿಯ ತಂಡದಲ್ಲಿ ಕಳೆದ ಪ್ರತಿ ವರ್ಷಕ್ಕೆ 3,000 ಪೌಂಡ್, 12ರಿಂದ 16ರ ನಡುವಿನ ಪ್ರತಿ ವರ್ಷಕ್ಕೆ ವರ್ಗವನ್ನು ಅನುಸರಿಸಿ 12,500ರಿಂದ 40,000 ಪೌಂಡ್ ಎಂದು ಆರಂಭದ ದರಗಳು ಗೊತ್ತಾದವು. ಮೂರನೆಯ ವರ್ಗದ ಸಣ್ಣ ಕ್ಲಬ್ಬೊಂದು ಹುಡುಗನನ್ನು ಅಷ್ಟೂ ವರ್ಷ ಸಾಕಿ ಬೆಳೆಸಿದರೆ ಅದಕ್ಕೆ ಕೈಗೆ ಬರುತ್ತಿದ್ದುದು 71,500 ಪೌಂಡ್. ಆತ ಮುಂದೆ ದೊಡ್ಡ ತಂಡದಲ್ಲಿ ಆಡಿದರೆ ಪಂದ್ಯಗಳ ಲೆಕ್ಕದಲ್ಲಿ ಇನ್ನಷ್ಟು ಕಂತುಗಳು ಬರಬಹುದಿತ್ತು. ಪ್ರೀಮಿಯರ್ ಲೀಗಿನ ತಾರೆಯೊಬ್ಬನ ವಾರದ ಸಂಬಳಕ್ಕಿಂತ ಎಷ್ಟೋ ಸಲ ಕಡಿಮೆಯಾದ ಈ ಮೊತ್ತವೇ ಎಂಟು ವರ್ಷಗಳ ಪಾಲನೆಯ ಖಚಿತ ಬೆಲೆಯಾಯಿತು.

ಮನೆಯಿಂದ ಒಂದು ಅಥವಾ ಒಂದೂವರೆ ಗಂಟೆಯ ಪ್ರಯಾಣದ ಆಚೆಗಿನ ಮಕ್ಕಳನ್ನು ಅಕಾಡೆಮಿಗೆ ಸೇರಿಸಿಕೊಳ್ಳಬಾರದೆಂಬ ಹಿಂದಿನ ನಿರ್ಬಂಧವನ್ನೂ ಮೊದಲ ವರ್ಗದ ಅಕಾಡೆಮಿಗಳ ಮಟ್ಟಿಗೆ ಸಡಿಲಿಸಲಾಯಿತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದ ಪರಿಣಾಮವಾಗಿ 2021ರಿಂದ 18 ತುಂಬದ ವಿದೇಶಿ ಹುಡುಗರನ್ನು ತರುವ ದಾರಿ ಮುಚ್ಚಿದಾಗ, ದೊಡ್ಡ ಅಕಾಡೆಮಿಗಳ ಕಣ್ಣು ಸ್ವದೇಶದ ಸಣ್ಣ ಕ್ಲಬ್ಬುಗಳ ಕಡೆಗೆ ಇನ್ನಷ್ಟು ತೀಕ್ಷ್ಣವಾಗಿ ತಿರುಗಿತು. ಯೋಜನೆಯ ಪರವಾಗಿ ಹೇಳಬೇಕಾದದ್ದೂ ಇದೆ: ತರಬೇತಿಯ ಗಂಟೆಗಳು, ಶಿಕ್ಷಕರ ಅರ್ಹತೆ, ಮೈದಾನಗಳ ಗುಣಮಟ್ಟ ಎಲ್ಲವೂ ಸುಧಾರಿಸಿದವು, 2017ರಲ್ಲಿ ಇಂಗ್ಲೆಂಡಿನ ಹುಡುಗರು 17 ಮತ್ತು 20 ವರ್ಷದೊಳಗಿನವರ ವಿಶ್ವಕಪ್ಪುಗಳೆರಡನ್ನೂ ಗೆದ್ದರು, ಮೊದಲನೆಯದನ್ನು ಕೋಲ್ಕತ್ತದಲ್ಲಿ. ರಾಷ್ಟ್ರೀಯ ತಂಡಕ್ಕೆ ಒಳಿತಾದದ್ದು ಬರ್ನ್ಲಿಯಂಥ ಊರಿಗೂ ಒಳಿತೆಂದು ಭಾವಿಸಿದ್ದಷ್ಟೇ ತಪ್ಪು.

ಸಣ್ಣ ಕ್ಲಬ್ಬುಗಳ ಪ್ರತಿಕ್ರಿಯೆ ಒಂದೇ ಬಗೆಯದಾಗಿರಲಿಲ್ಲ. ವಿಕಂಬ್ ವಾಂಡರರ್ಸ್ 2012ರಲ್ಲೇ ತನ್ನ ಅಕಾಡೆಮಿಯನ್ನು ಮುಚ್ಚಿತು. ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಇಬ್ಬರು ಪ್ರತಿಭಾವಂತ ಹುಡುಗರು ಮ್ಯಾಂಚೆಸ್ಟರಿನ ಎರಡು ದೊಡ್ಡ ಕ್ಲಬ್ಬುಗಳ ಪಾಲಾಗಿ, ಅಲ್ಪ ಪರಿಹಾರ ಮಾತ್ರ ದಕ್ಕಿದ ಮೇಲೆ, ಅದು 2016ರಲ್ಲಿ ಲೆಕ್ಕ ಹಾಕಿ ನೋಡಿ ಅಕಾಡೆಮಿಯ ಬಾಗಿಲೆಳೆಯಿತು. ಅದರ ಬದಲಿಗೆ, ದೊಡ್ಡ ಅಕಾಡೆಮಿಗಳು ಸಾಕಿ ಕೈಬಿಟ್ಟ 17ರಿಂದ 20ರ ಪ್ರಾಯದವರನ್ನು ಆರಿಸಿ 'ಬಿ' ತಂಡವೊಂದನ್ನು ಕಟ್ಟಿಕೊಂಡಿತು. ಬ್ರೆಂಟ್‌ಫರ್ಡ್ ಈ ದಾರಿಯಲ್ಲಿ ಪ್ರೀಮಿಯರ್ ಲೀಗನ್ನೇ ಸೇರಿ, 2022ರಲ್ಲಿ ಅಕಾಡೆಮಿಯನ್ನು ಪುನಃ ತೆರೆದದ್ದು ನಿಜ. ಆದರೆ ನಡುವಿನ ಆರು ವರ್ಷಗಳಲ್ಲಿ ಆ ಬಡಾವಣೆಗಳ ಒಂಬತ್ತು ವರ್ಷದ ಹುಡುಗನಿಗೆ ಊರ ಕ್ಲಬ್ಬಿನ ಅಕಾಡೆಮಿ ಎಂಬುದು ಇರಲಿಲ್ಲ.

ನೈಋತ್ಯ ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಇನ್ನೊಂದು ದಾರಿ ಹಿಡಿಯಿತು. 1914ರಲ್ಲಿ ಬ್ರೆಜಿಲಿನ ರಾಷ್ಟ್ರೀಯ ತಂಡದ ಮೊಟ್ಟಮೊದಲ ಪಂದ್ಯದ ಎದುರಾಳಿಯಾಗಿದ್ದ ಈ ಕ್ಲಬ್ಬು 2003ರಲ್ಲಿ ಲೀಗಿನಿಂದ ಹೊರಬಿದ್ದು ಸಾಲದಲ್ಲಿ ಮುಳುಗಿದ್ದಾಗ, ಅಭಿಮಾನಿಗಳ ಟ್ರಸ್ಟ್ ಅದನ್ನು ವಶಕ್ಕೆ ತೆಗೆದುಕೊಂಡಿತು. 2005ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎಫ್‌ಎ ಕಪ್ ಪಂದ್ಯವನ್ನು ಗೋಲಿಲ್ಲದೆ ಸಮ ಮಾಡಿಕೊಂಡು, ಆ ಪಂದ್ಯ ಮತ್ತು ಮರುಪಂದ್ಯದ ಗಳಿಕೆಯಿಂದ ಅದು ಉಸಿರು ಹಿಡಿಯಿತು. ಕಪ್ ಪಂದ್ಯಗಳಲ್ಲಿ ಬಾಗಿಲ ಹಣ ಹಂಚುವ ಹಳೆಯ ರೂಢಿ ಲೀಗಿನಲ್ಲಿ ಸತ್ತ ಮೇಲೂ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತೆಂಬುದು ಗಮನಾರ್ಹ. ಧನಿಕ ಒಡೆಯನಿಲ್ಲದ ಎಕ್ಸೆಟರ್ ಅಕಾಡೆಮಿಯನ್ನೇ ಜೀವನೋಪಾಯವಾಗಿಸಿಕೊಂಡಿತು. ಅಲ್ಲಿ ಬೆಳೆದ ಒಲ್ಲಿ ವಾಟ್ಕಿನ್ಸ್‌ನನ್ನು 2017ರಲ್ಲಿ ಬ್ರೆಂಟ್‌ಫರ್ಡಿಗೆ ಸುಮಾರು 18 ಲಕ್ಷ ಪೌಂಡಿಗೆ ಮಾರುವಾಗ, ಮರುಮಾರಾಟದ ಲಾಭದಲ್ಲಿ ಪಾಲು ಸಿಗಬೇಕೆಂಬ ಷರತ್ತನ್ನು ಅದು ಬರೆಯಿಸಿಕೊಂಡಿತ್ತು. 2020ರಲ್ಲಿ ಆತ ಸುಮಾರು 2.8 ಕೋಟಿ ಪೌಂಡಿಗೆ ಆ್ಯಸ್ಟನ್ ವಿಲ್ಲಾ ಸೇರಿದಾಗ, ಕೋವಿಡ್ ಕಾಲದಲ್ಲಿ ಖಾಲಿ ಮೈದಾನದಲ್ಲಿ ಆಡುತ್ತಿದ್ದ ಎಕ್ಸೆಟರಿಗೆ ಹತ್ತಾರು ಲಕ್ಷ ಪೌಂಡ್ ಬಂದು ಸೇರಿತು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾ 2001ರಲ್ಲಿ ತಂದ ವ್ಯವಸ್ಥೆಯಲ್ಲಿ, ವರ್ಗಾವಣೆ ಶುಲ್ಕದ ಶೇ 5 ಭಾಗವು ಆಟಗಾರನನ್ನು 12ರಿಂದ 23ರ ಪ್ರಾಯದವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಹೋಗಬೇಕು. ಆದರೆ ಇಂಗ್ಲೆಂಡಿನ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗುವ, ಅಲ್ಲೇ ಬೆಳೆದ ಆಟಗಾರನಿಗೆ ಇದು ಅನ್ವಯಿಸುವುದಿಲ್ಲವಾದ್ದರಿಂದ, ಎಕ್ಸೆಟರಿಗೆ ಒದಗಿದ್ದು ಜಗತ್ತಿನ ನಿಯಮವಲ್ಲ, ತನ್ನದೇ ಗುಮಾಸ್ತರು ಎಚ್ಚರದಿಂದ ಬರೆದ ಒಂದು ಸಾಲು. 16 ತುಂಬುವ ಮುನ್ನವೇ ದರಪಟ್ಟಿಯಂತೆ ಹೊರಟುಹೋಗುವ ಹುಡುಗನ ವಿಷಯದಲ್ಲಿ ಅಂಥ ಸಾಲು ಬರೆಯಿಸುವ ಬಲ ಸಣ್ಣ ಕ್ಲಬ್ಬಿಗೆ ಉಳಿದಿರುವುದಿಲ್ಲ.

ಕೆಳಗೆ ಹೀಗೆ ಹುಡುಗನ ಬೆಲೆ ಇಳಿಯುತ್ತಿದ್ದಾಗ ಮೇಲಿನ ದರ್ಜೆಯಲ್ಲಿ ಅದೇ ಹುಡುಗ ಬೇರೊಂದು ಕಾರಣಕ್ಕೆ ಅಮೂಲ್ಯನಾಗುತ್ತಿದ್ದನು. ಇದನ್ನು ಅರಿಯಲು ಲೆಕ್ಕಪತ್ರದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಗೆ ಬಂದ ಲೆಕ್ಕಪತ್ರ ಮಾನದಂಡದಂತೆ, ಕೊಂಡು ತಂದ ಆಟಗಾರನ ಶುಲ್ಕವನ್ನು ಆಸ್ತಿಯೆಂದು ಬರೆದು ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ ಖರ್ಚು ಹಾಕಬೇಕು. 5 ಕೋಟಿ ಪೌಂಡಿಗೆ ಐದು ವರ್ಷದ ಒಪ್ಪಂದದಲ್ಲಿ ಕೊಂಡವನನ್ನು ಎರಡು ವರ್ಷದ ಬಳಿಕ 4 ಕೋಟಿಗೆ ಮಾರಿದರೆ, ಪುಸ್ತಕದಲ್ಲಿ ಆತನ ಬೆಲೆ ಇನ್ನೂ 3 ಕೋಟಿ ಇರುವುದರಿಂದ ಲಾಭ 1 ಕೋಟಿ ಮಾತ್ರ. ಕ್ಲಬ್ಬು ತಾನೇ ಬೆಳೆಸಿದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಆತನ ಅಂಕಣದಲ್ಲಿ ಸೊನ್ನೆ; ಅವನನ್ನು ಅದೇ 4 ಕೋಟಿಗೆ ಮಾರಿದರೆ 4 ಕೋಟಿಯೂ ಆ ವರ್ಷದ ಲಾಭ. ಇಂಗ್ಲೆಂಡಿನ ಕ್ರೀಡಾ ಪುಟಗಳಲ್ಲಿ ಇದಕ್ಕೆ 'ಶುದ್ಧ ಲಾಭ' ಎಂಬ ಹೆಸರು ಬಿದ್ದಿದೆ. ನಷ್ಟದ ಮಿತಿ ಮೀರುವ ಅಂಚಿನಲ್ಲಿರುವ ಕ್ಲಬ್ಬಿಗೆ ಆದ್ದರಿಂದ ಊರ ಹುಡುಗನನ್ನು ಮಾರುವುದು ಎಲ್ಲಕ್ಕಿಂತ ಸುಲಭದ ಔಷಧ. ಮಕ್ಕಳನ್ನು ಬೆಳೆಸಲು ಪ್ರೋತ್ಸಾಹಿಸಬೇಕೆಂದು ವಿನಾಯಿತಿ ಕೊಟ್ಟ ನಿಯಮವೇ, ಬೆಳೆದವರನ್ನು ಮೊದಲು ಮಾರುವಂತೆಯೂ ಪ್ರೋತ್ಸಾಹಿಸಿತು.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಪ್ರಕರಣದಲ್ಲಿ ಇದು ವಿಚಾರಣೆಯ ಕಡತವನ್ನೇ ಸೇರಿತು. 1979 ಮತ್ತು 1980ರಲ್ಲಿ ಯುರೋಪಿನ ಚಾಂಪಿಯನ್ ಆಗಿ, ಅನಂತರ ಮೂರನೆಯ ದರ್ಜೆಯವರೆಗೂ ಜಾರಿ, 2022ರಲ್ಲಿ ಪ್ರೀಮಿಯರ್ ಲೀಗಿಗೆ ಮರಳಿದ ಈ ಕ್ಲಬ್ಬಿನ ಲೆಕ್ಕಕ್ಕೆ ಬಂದ ಮೂರು ವರ್ಷಗಳಲ್ಲಿ ಎರಡು ಕೆಳದರ್ಜೆಯಲ್ಲಿ ಕಳೆದಿದ್ದರಿಂದ, ಅದಕ್ಕೆ ಅನ್ವಯಿಸಿದ ಮಿತಿ 10.5 ಕೋಟಿಯ ಬದಲು 6.1 ಕೋಟಿ ಪೌಂಡ್ ಆಗಿತ್ತು. ಅದನ್ನು ಅದು 3.45 ಕೋಟಿಯಷ್ಟು ಮೀರಿತ್ತು. ಎಂಟರ ಪ್ರಾಯದಿಂದ ಅಲ್ಲೇ ಬೆಳೆದ ಬ್ರೆನನ್ ಜಾನ್ಸನ್‌ನನ್ನು ಲೆಕ್ಕದ ವರ್ಷ ಮುಗಿಯುವ ಜೂನ್ 30ರೊಳಗೆ ಮಾರಿದ್ದರೆ ಈ ಕಂದರ ಬಹುಮಟ್ಟಿಗೆ ತುಂಬುತ್ತಿತ್ತು. ಕಡಿಮೆ ಬೆಲೆಗೆ ಬಿಡಲೊಪ್ಪದ ಕ್ಲಬ್ಬು 2023ರ ಸೆಪ್ಟೆಂಬರ್ 1ರವರೆಗೆ ಕಾದು ಟಾಟನ್‌ಹ್ಯಾಮಿಗೆ ಸುಮಾರು 4.75 ಕೋಟಿ ಪೌಂಡಿಗೆ ಮಾರಿತು. ಕಾದದ್ದರಿಂದ ಹೆಚ್ಚು ಹಣ ಬಂದಿತು, ಆರ್ಥಿಕ ಸ್ಥಿರತೆಯೇ ನಿಯಮದ ಗುರಿಯಾದರೆ ತಾನು ಮಾಡಿದ್ದು ಸರಿ ಎಂಬ ಫಾರೆಸ್ಟಿನ ವಾದವನ್ನು ಸ್ವತಂತ್ರ ಆಯೋಗ ಒಪ್ಪದೆ, 2024ರ ಮಾರ್ಚಿನಲ್ಲಿ 4 ಅಂಕಗಳನ್ನು ಕಡಿತಗೊಳಿಸಿತು. ಗಡುವಿನ ದೃಷ್ಟಿಯಿಂದ ಆಯೋಗದ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಹುಡುಗನನ್ನು ಅಗ್ಗಕ್ಕೆ ಬೇಗ ಮಾರಿದ್ದರೆ ನಿರ್ದೋಷಿಯೆನಿಸುತ್ತಿದ್ದ ಕ್ಲಬ್ಬು, ಒಳ್ಳೆಯ ಬೆಲೆಗೆ ತಡವಾಗಿ ಮಾರಿ ಅಪರಾಧಿಯಾದದ್ದು ಮಾತ್ರ ಆ ಗಡುವು ಯಾವ ವಿವೇಕವನ್ನು ಕಾಯುತ್ತಿದೆ ಎಂದು ಕೇಳುವಂತೆ ಮಾಡುತ್ತದೆ.

2024ರ ಜೂನ್ ಕೊನೆಯಲ್ಲಿ ಇತರ ಕ್ಲಬ್ಬುಗಳು ಪಾಠ ಕಲಿತಿದ್ದವು. ಎಳೆಯ ಪ್ರಾಯದಿಂದ ನ್ಯೂಕ್ಯಾಸಲ್‌ನಲ್ಲೇ ಬೆಳೆದ, ಆ ಸೀಮೆಯವನೇ ಆದ ಎಲಿಯಟ್ ಆ್ಯಂಡರ್ಸನ್ ಸುಮಾರು 3.5 ಕೋಟಿ ಪೌಂಡಿಗೆ ಫಾರೆಸ್ಟ್ ಸೇರಿದನು. ಚೆಲ್ಸಿಯಿಂದ ಇಯಾನ್ ಮಾಟ್ಸೆನ್ ವಿಲ್ಲಾಗೆ, ವಿಲ್ಲಾದಿಂದ ಒಮಾರಿ ಕೆಲ್ಲಿಮನ್ ಚೆಲ್ಸಿಗೆ, ಎವರ್ಟನ್‌ನಿಂದ ಲೂಯಿಸ್ ಡಾಬಿನ್ ವಿಲ್ಲಾಗೆ, ವಿಲ್ಲಾದಿಂದ ಟಿಮ್ ಇರೋಗ್ಬುನಮ್ ಎವರ್ಟನ್‌ಗೆ ಹೋದರು. ಪ್ರತಿಯೊಂದು ಕ್ಲಬ್ಬಿಗೂ ಮಾರಾಟದ ಲಾಭ ಅದೇ ವರ್ಷಕ್ಕೆ, ಖರೀದಿಯ ವೆಚ್ಚ ಒಪ್ಪಂದದ ಮುಂದಿನ ವರ್ಷಗಳಿಗೆ. ನಿಯಮ ಎಲ್ಲಿಯೂ ಮುರಿದಿರಲಿಲ್ಲ; 1908ರ ಲೆಕ್ಕಿಗರು ಬದುಕಿದ್ದರೆ ತಲೆದೂಗುತ್ತಿದ್ದರು.

ಈ ಹೆಸರುಗಳಲ್ಲಿ ಕೆಲ್ಲಿಮನ್‌ನದು ಮೇಲಿನ ಮತ್ತು ಕೆಳಗಿನ ಕಥೆಗಳೆರಡನ್ನೂ ಕೂಡಿಸುತ್ತದೆ. ಆತ ಬೆಳೆದದ್ದು 1888ರ ಹನ್ನೆರಡರಲ್ಲಿ ಒಂದಾದ ಡರ್ಬಿ ಕೌಂಟಿಯ ಅಕಾಡೆಮಿಯಲ್ಲಿ. ಪ್ರೀಮಿಯರ್ ಲೀಗಿನ ಆಸೆಗೆ ಬಿದ್ದು ಗಳಿಕೆ ಮೀರಿ ವೆಚ್ಚ ಮಾಡಿದ ಡರ್ಬಿ, 2021ರಲ್ಲಿ ಆಡಳಿತಗಾರರ ವಶಕ್ಕೆ ಹೋದದ್ದಕ್ಕೆ 12 ಮತ್ತು ಲೆಕ್ಕಪತ್ರದ ನಿಯಮ ಮುರಿದದ್ದಕ್ಕೆ 9, ಹೀಗೆ ಒಟ್ಟು 21 ಅಂಕ ಕಳೆದುಕೊಂಡು ಮೂರನೆಯ ದರ್ಜೆಗೆ ಇಳಿಯಿತು. ಹೊಸ ಆಟಗಾರರನ್ನು ತರುವುದಕ್ಕೆ ನಿರ್ಬಂಧವಿದ್ದ ಆ ವರ್ಷ ವೇಯ್ನ್ ರೂನಿಯ ಮಾರ್ಗದರ್ಶನದಲ್ಲಿ ಅಕಾಡೆಮಿಯ ಹುಡುಗರೇ ಮೈದಾನಕ್ಕಿಳಿದು ಜನರ ಮೆಚ್ಚುಗೆ ಪಡೆದರು. ಜೊತೆಜೊತೆಗೆ ಸಾಲದ ಒತ್ತಡದಲ್ಲಿ ಒಬ್ಬೊಬ್ಬರಾಗಿ ಮಾರಾಟವೂ ಆದರು. 16ರ ಕೆಲ್ಲಿಮನ್ 2022ರಲ್ಲಿ ಕೆಲವೇ ಲಕ್ಷ ಪೌಂಡಿಗೆ ವಿಲ್ಲಾ ಸೇರಿದನು. ಎರಡು ವರ್ಷಗಳ ನಂತರ, ಮೊದಲ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳನ್ನಷ್ಟೇ ಆಡಿದ್ದ ಅವನನ್ನು ವಿಲ್ಲಾ ಸುಮಾರು 1.9 ಕೋಟಿ ಪೌಂಡಿಗೆ ಮಾರಿತು. ಖರ್ಚಿನ ನಿಯಮಗಳಿಂದ ಶಿಕ್ಷೆಗೊಳಗಾದ ಕ್ಲಬ್ಬು ಬೆಳೆಸಿದ ಹುಡುಗ, ಅದೇ ಬಗೆಯ ನಿಯಮಗಳಿಂದ ಶಿಕ್ಷೆ ತಪ್ಪಿಸಿಕೊಳ್ಳಬೇಕಾಗಿದ್ದ ಕ್ಲಬ್ಬಿಗೆ ಒದಗಿಬಂದನು.

ಎಲ್ಲರಿಗೂ ಒಂದೇ ಅಂಕಿಯೆಂಬ ಹಳೆಯ ತತ್ತ್ವ ಈ ನಡುವೆ ಒಮ್ಮೆ ತಲೆಯೆತ್ತಿತ್ತು. 134 ವರ್ಷ ಹಳೆಯದಾದ, ಎರಡು ಸಲ ಎಫ್‌ಎ ಕಪ್ ಗೆದ್ದ, 1960ರ ದಶಕದಲ್ಲಿ ಕಾಲಿನ್ ಬೆಲ್‌ನಂಥ ಆಟಗಾರನನ್ನು ಬೆಳಕಿಗೆ ತಂದ 'ಬರಿ' ಎಂಬ ಊರಿನ ಕ್ಲಬ್ಬನ್ನು 2019ರ ಆಗಸ್ಟಿನಲ್ಲಿ ಲೀಗಿನಿಂದ ಹೊರಹಾಕಲಾಯಿತು. ಸಂಬಳ ಬಾಕಿಯಿರುವಾಗಲೇ ಅದು ಅದೇ ವರ್ಷ ಬಡ್ತಿ ಪಡೆದಿತ್ತು. ಒಡೆಯರು ಹಾಕುವ ಬಂಡವಾಳವನ್ನೂ ವಹಿವಾಟಿಗೆ ಸೇರಿಸಿಕೊಳ್ಳಲು ಬಿಟ್ಟಿದ್ದ ಶೇಕಡಾವಾರು ಸಂಬಳದ ನಿಯಮ ಅದನ್ನು ತಡೆದಿರಲಿಲ್ಲ. ಅದರ ನೆನಪು ಹಸಿಯಾಗಿದ್ದಾಗಲೇ ಕೋವಿಡ್ ಬಂದೆರಗಿದ್ದರಿಂದ, ಮೂರನೆಯ ದರ್ಜೆಯ ಕ್ಲಬ್ಬುಗಳು ವರ್ಷಕ್ಕೆ 25 ಲಕ್ಷ ಪೌಂಡ್, ನಾಲ್ಕನೆಯ ದರ್ಜೆಯವು 15 ಲಕ್ಷ ಪೌಂಡ್ ಎಂಬ ಸಂಬಳದ ಮಿತಿಯನ್ನು 2020ರ ಆಗಸ್ಟಿನಲ್ಲಿ ಮತ ಹಾಕಿ ಒಪ್ಪಿದವು. 21 ಮತ್ತು ಅದಕ್ಕಿಂತ ಕಡಿಮೆ ಪ್ರಾಯದವರ ಸಂಬಳ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲವಾದ್ದರಿಂದ ಯುವಕರಿಗೆ ಅವಕಾಶದ ಬಾಗಿಲು ತೆರೆಯುತ್ತಿತ್ತು; 22 ತುಂಬಿದ ದಿನ ಅದೇ ಬಾಗಿಲು ಮುಚ್ಚುವ ಅಪಾಯವೂ ಅದರೊಳಗೇ ಇತ್ತು. 1961ರಲ್ಲಿ ಗರಿಷ್ಠ ಸಂಬಳವನ್ನು ಕೆಡವಿದ ಅದೇ ಆಟಗಾರರ ಸಂಘ, ತನ್ನೊಡನೆ ಸಮಾಲೋಚಿಸದೆ ನಿಯಮ ತಂದದ್ದನ್ನು ಪ್ರಶ್ನಿಸಿ ಪಂಚಾಯ್ತಿ ಮಂಡಳಿಗೆ ಹೋಗಿ 2021ರ ಫೆಬ್ರುವರಿಯಲ್ಲಿ ಗೆದ್ದಿತು. ಕ್ಲಬ್ಬುಗಳು ಶೇಕಡಾವಾರು ಲೆಕ್ಕಕ್ಕೆ ಮರಳಿದವು.

'ಬರಿ' ಕ್ಲಬ್ಬಿನ ಪತನ ಹಾಗೂ ದೊಡ್ಡ ಕ್ಲಬ್ಬುಗಳು 2021ರಲ್ಲಿ ಪ್ರತ್ಯೇಕ ಯುರೋಪಿಯನ್ ಲೀಗ್ ಕಟ್ಟಲು ನಡೆಸಿದ ವಿಫಲ ಯತ್ನಗಳ ಹಿನ್ನೆಲೆಯಲ್ಲಿ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನೆ ನಡೆದು, ಕ್ಲಬ್ಬುಗಳಿಗೆ ಪರವಾನಗಿ ಕೊಡುವ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸುವ ಕಾಯಿದೆಗೆ 2025ರ ಜುಲೈಯಲ್ಲಿ ಅಂಕಿತ ಬಿದ್ದಿತು. ಮೇಲಿನ ಮತ್ತು ಕೆಳಗಿನ ದರ್ಜೆಗಳ ನಡುವೆ ಹಣದ ಹಂಚಿಕೆಯಲ್ಲಿ ಒಪ್ಪಂದವಾಗದಿದ್ದರೆ ಮಧ್ಯೆ ಬರುವ ಅಧಿಕಾರ ಆ ಸಂಸ್ಥೆಗಿದೆ; ಇಪಿಪಿಪಿಯ ದರಪಟ್ಟಿ ಮಾತ್ರ ಲೀಗುಗಳ ಕೈಯಲ್ಲೇ ಉಳಿದಿದೆ. ಪ್ರೀಮಿಯರ್ ಲೀಗ್ ತನ್ನ ಮೂರು ವರ್ಷದ ನಷ್ಟದ ಮಿತಿಯನ್ನು ಕೈಬಿಟ್ಟು, 2026–27ರ ಋತುವಿನಿಂದ ತಂಡದ ವೆಚ್ಚವನ್ನು ಆದಾಯದ ಶೇ 85ಕ್ಕೆ ಮಿತಗೊಳಿಸಲು 2025ರ ನವೆಂಬರಿನಲ್ಲಿ ತೀರ್ಮಾನಿಸಿತು. ಅತಿ ದೊಡ್ಡ ಕ್ಲಬ್ಬಿನ ವೆಚ್ಚವನ್ನು ಅತಿ ಕಡಿಮೆ ಪ್ರಸಾರ ಹಣ ಪಡೆಯುವ ಕ್ಲಬ್ಬಿನ ಪಾಲಿಗೆ ಕಟ್ಟಿಹಾಕಿ ಎಲ್ಲರಿಗೂ ಒಂದೇ ಅಂಕಿಯನ್ನು ಮರಳಿ ತರಬಹುದಾಗಿದ್ದ ಇನ್ನೊಂದು ಪ್ರಸ್ತಾವ ಅದೇ ಸಭೆಯಲ್ಲಿ ಬಿದ್ದುಹೋಯಿತು. ಹೊಸ ಸೂತ್ರದಲ್ಲಿ ಆಟಗಾರರ ಮಾರಾಟದಿಂದ ಬಂದ ಲಾಭವನ್ನು ಮೂರು ವರ್ಷಗಳ ಸರಾಸರಿಯಾಗಿ ಆದಾಯಕ್ಕೆ ಸೇರಿಸಿಕೊಳ್ಳಲಾಗುತ್ತದೆ, ಮತ್ತು ಆ ಲಾಭವನ್ನು ಎಣಿಸುವಾಗ ಅಕಾಡೆಮಿಯಿಂದ ಬಂದವನ ಪುಸ್ತಕದ ಬೆಲೆ ಹಿಂದಿನಂತೆಯೇ ಸೊನ್ನೆಯಾಗಿರುತ್ತದೆ.